ಮೂರು ಬೆನ್ನು, ಒಂದೇ ಎಕ್ಸ್‌ರೇ

‘ನಡ ಹಿಡ್ಕಂಡದೆ’ ಎಂದರೆ ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯಲ್ಲಿ ಸಿಗುವ ಮೊದಲ ಉತ್ತರ ‘ವಯಸ್ಸಾಯ್ತಲ್ಲ, ಬುಡವ್ವ’. ಎರಡನೆಯದು, ಎಣ್ಣೆ ಹಾಕಿ ನೀವಿಸಿಕೋ. ಮೂರನೆಯದು, ಉಳುಕು ತೆಗೆಯುವವರ ಊರು, ಹೆಸರು. ಬಹಳ ಸಲ ಇಷ್ಟರಲ್ಲೇ ನೋವು ಕಳೆದೂ ಹೋಗುತ್ತದೆ. ಸೊಂಟ ನೋವಿನ ಬಹುಪಾಲು ಸ್ನಾಯು, ಕೀಲುಗಳದ್ದು. ಕೆಲವು ವಾರಗಳಲ್ಲಿ ತಾನಾಗಿ ಇಳಿಯುವಂಥದ್ದು. ಸಣ್ಣದೊಂದು ಪಾಲಿನಲ್ಲಿ ಮಾತ್ರ ಬೆನ್ನಿನ ಒಂದು ಮೂಳೆ ಎತ್ತರ ಕಳೆದುಕೊಂಡು ಕುಸಿದು ಕೂತಿರುತ್ತದೆ. ಎಕ್ಸ್‌ರೇ ವರದಿಯಲ್ಲಿ ಅದು ‘ವರ್ಟಿಬ್ರಲ್ ಕೊಲ್ಯಾಪ್ಸ್’ ಅಥವಾ ‘ಕಂಪ್ರೆಶನ್ ಫ್ರಾಕ್ಚರ್’ ಎಂದು ಕಾಣಿಸುತ್ತದೆ. ರೋಗದ ಹೆಸರು ಸಿಕ್ಕಿತೆಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ಅದು ರೋಗದ ಹೆಸರಲ್ಲ. ಮೂಳೆ ಕುಸಿದಿದೆ ಎನ್ನುವುದನ್ನಷ್ಟೇ ಆ ವರದಿ ಹೇಳಿದೆ. ಯಾಕೆ ಕುಸಿಯಿತು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಆ ಪ್ರಶ್ನೆ ಎಷ್ಟು ಮುಖ್ಯ ಎಂದು ನೋಡಲು ಇದೇ ಸೀಮೆಯ, ಮುತ್ತತ್ತಿಯಿಂದ ಹಲಗೂರಿಗೆ ಬರುವ ಕಾಡಿನ ರಸ್ತೆಯನ್ನೇ ತೆಗೆದುಕೊಳ್ಳಿ. ಕಾವೇರಿ ವನ್ಯಜೀವಿ ಧಾಮದ ನಡುವಿನ ತಿರುವು, ಏರಿಳಿತಗಳ ದಾರಿ. ಹನುಮಂತರಾಯನ ದರ್ಶನಕ್ಕೆ ಬರುವವರು, ನದಿ ನೋಡಲು ಬರುವವರು ಒಂದು ಕಡೆ. ಆಸ್ಪತ್ರೆ, ಸಂತೆ, ಬ್ಯಾಂಕಿಗೆ ಹೋಗಿಬರುವ ಸುತ್ತಲಿನ ಊರಿನವರು ಇನ್ನೊಂದು ಕಡೆ. ಈ ದಾರಿಯಲ್ಲಿ ಬರುವ ಮೂವರನ್ನು ಕಲ್ಪಿಸಿಕೊಳ್ಳೋಣ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ಒಂದು ಹಂಪ್ ಎತ್ತಿ ಕುಕ್ಕಿದ್ದೇ ತಡ, ಬೆನ್ನು ‘ಚಳಕ್’ ಎಂದ 68ರ ಅಜ್ಜಿ. ಮೂರು ತಿಂಗಳಿಂದ ಬೆನ್ನು ನೋವೆಂದು ಕಬ್ಬು ಕಡಿಯುವ ಕೆಲಸ ಬಿಟ್ಟ 30ರ ಯುವಕ. ರಾತ್ರಿ ಮಲಗಿದರೂ ನೋವು ಬಿಡುವುದಿಲ್ಲ, ಊಟ ಸೇರುವುದಿಲ್ಲ ಎನ್ನುವ 64ರ ರೈತ. ವ್ಯಕ್ತಿಗಳು ಕಲ್ಪಿತರು, ಕಾಯಿಲೆಗಳು ನಿಜ. ಮೂವರ ಎಕ್ಸ್‌ರೇಯಲ್ಲೂ ಎದೆಯ ಭಾಗ ಮುಗಿದು ಸೊಂಟದ ಭಾಗ ಶುರುವಾಗುವ ಜಾಗದಲ್ಲಿ ಒಂದು ಮೂಳೆ ಕುಸಿದಿದೆ. ಮೂವರಿಗೂ ನೋವಿನ ಮಾತ್ರೆ, ಬೆಲ್ಟು, ಕ್ಯಾಲ್ಸಿಯಂ ಬರೆದುಕೊಟ್ಟರೆ ಅಜ್ಜಿಗೆ ಅರ್ಧ ಚಿಕಿತ್ಸೆ ಸಿಕ್ಕಂತೆ. ಯುವಕನ ಕಾಲಿನ ಬಲವೇ ಹೋಗಬಹುದು. ರೈತನಿಗೆ ಚಿಕಿತ್ಸೆಗೆ ಇದ್ದ ಒಳ್ಳೆಯ ಕಾಲ ಕೈತಪ್ಪಬಹುದು.

ಕುಸಿಯುವುದೆಂದರೆ ಏನು?

ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ 24 ಬಿಡಿ ಕಶೇರುಕಗಳು ಒಂದರ ಮೇಲೊಂದು ಕೂತು ದೇಹದ ಭಾರ ಹೊರುತ್ತವೆ. ಕುತ್ತಿಗೆಯ ಮೊದಲೆರಡನ್ನು ಬಿಟ್ಟರೆ ಪ್ರತಿ ಎರಡು ಮೂಳೆಗಳ ನಡುವೆ ಒಂದು ಡಿಸ್ಕ್. ಹಿಂಬದಿಯ ಕೊಳವೆಯೊಳಗೆ ಬೆನ್ನುಹುರಿ. ಭಾರ ಬೀಳುವುದು ಮುಂದಿನ ದುಂಡನೆಯ ಭಾಗದ ಮೇಲೆ. ಅದರ ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಎಲುಬಿನ ಸೂಕ್ಷ್ಮ ಜಾಲರಿ. ಜಾಲರಿಯ ಸಂದಿನಲ್ಲಿರುವ ಮಜ್ಜೆಗೆ ರಕ್ತ ಧಾರಾಳವಾಗಿ ಹರಿದುಬರುತ್ತದೆ. ಆ ರಕ್ತದ ಜೊತೆಗೇ ಕ್ಷಯದ ರೋಗಾಣುವೂ ಬರಬಹುದು, ಬೇರೆಲ್ಲೋ ಹುಟ್ಟಿದ ಕ್ಯಾನ್ಸರಿನ ಕೋಶವೂ ಬರಬಹುದು.

ಎದೆಯ ಭಾಗದ ಬೆನ್ನು ಪಕ್ಕೆಲುಬುಗಳ ಆಸರೆಯಿಂದ ಬಿಗಿಯಾಗಿದೆ. ಸೊಂಟದ ಭಾಗ ಬಾಗುತ್ತದೆ, ಬಳುಕುತ್ತದೆ. ಇವೆರಡೂ ಸೇರುವ ಕಡೆ, ಅಂದರೆ ಎದೆಯ 12ನೇ ಮತ್ತು ಸೊಂಟದ 1ನೇ ಮೂಳೆಗಳ ಸುತ್ತ, ಒತ್ತಡ ಹೆಚ್ಚು. ಸವೆದ ಮೂಳೆ ಸಾಮಾನ್ಯವಾಗಿ ಮುರಿಯುವುದು ಇಲ್ಲೇ. ಹಾಗಾಗಿ ಬೆನ್ನಿನ ತೀರ ಮೇಲೆ, ಎದೆಯ 4ನೇ ಮೂಳೆಗಿಂತ ಮೇಲಿನ ಒಂದು ಮೂಳೆ ಮಾತ್ರ ಕುಸಿದಿದ್ದರೆ ಅನುಭವಿ ವೈದ್ಯರು ‘ಇದು ಬರಿಯ ಸವೆತವಲ್ಲ’ ಎಂದು ಎಚ್ಚರವಾಗುತ್ತಾರೆ.

ಅಜ್ಜಿಯ ಬೆನ್ನು: ಟೊಳ್ಳಾದ ಮೂಳೆ

ಅಜ್ಜಿಯದು ಆಸ್ಟಿಯೊಪೊರೋಸಿಸ್. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು, ಕಟ್ಟುವುದಕ್ಕಿಂತ ಬೇಗ ಮೂಳೆ ಕರಗುತ್ತದೆ. ಹೊರಗಿನ ರೂಪ ಹಾಗೇ ಇರುತ್ತದೆ; ಒಳಗಿನ ಜಾಲರಿಯ ಎಳೆಗಳು ಒಂದೊಂದಾಗಿ ಮಾಯವಾಗುತ್ತವೆ. ಗೆದ್ದಲು ಹಿಡಿದ ತೊಲೆ ಮೇಲೆ ನೋಡಲು ಚೆನ್ನಾಗಿಯೇ ಇದ್ದು ಒಂದು ದಿನ ಸಣ್ಣ ಭಾರಕ್ಕೆ ಮುರಿಯುವಂತೆ ಇದೂ ಮುರಿಯುತ್ತದೆ. ಬಿಂದಿಗೆ ಎತ್ತಿದ್ದು, ಜೋರಾಗಿ ಕೆಮ್ಮಿದ್ದು, ಬಸ್ಸು ಹಂಪ್ ಹಾರಿದ್ದು ಇಷ್ಟೇ ಕಾರಣ ಸಾಕು. ಹಿಂಬದಿಯ ಸೀಟು ಹಿಂದಿನ ಚಕ್ರಕ್ಕಿಂತ ಆಚೆ ಇರುವುದರಿಂದ ಅಲ್ಲಿ ಕೂತವರು ಹೆಚ್ಚು ಎತ್ತರಕ್ಕೆ ಹಾರಿ ಕುಕ್ಕರಿಸುತ್ತಾರೆ. ವಯಸ್ಸಾದವರನ್ನು ಚಾಲಕನ ಹಿಂದಿನ ಸೀಟುಗಳಲ್ಲಿ ಕೂರಿಸುವುದು ಮರ್ಯಾದೆಯ ಮಾತಷ್ಟೇ ಅಲ್ಲ, ವೈದ್ಯಕೀಯ ಸಲಹೆಯೂ ಹೌದು.

ಈ ನೋವಿಗೆ ಒಂದು ಸ್ವಭಾವವಿದೆ. ಥಟ್ಟನೆ ಶುರುವಾಗುತ್ತದೆ, ಎದ್ದರೆ ಹೆಚ್ಚು, ಮಲಗಿದರೆ ಕಡಿಮೆ. ಸಾಮಾನ್ಯವಾಗಿ 6ರಿಂದ 12 ವಾರಗಳಲ್ಲಿ ಇಳಿಯುತ್ತದೆ. ಜ್ವರ ಇರುವುದಿಲ್ಲ, ತೂಕ ಇಳಿಯುವುದಿಲ್ಲ, ಉರಿಯೂತದ ಸುಳಿವು ಕೊಡುವ ರಕ್ತ ಪರೀಕ್ಷೆ ಇಎಸ್‌ಆರ್ ಸಾಮಾನ್ಯವಾಗಿ ಸಹಜ. ಇನ್ನೂ ಕೆಲವರಿಗೆ ನೋವೇ ತಿಳಿಯುವುದಿಲ್ಲ. ಬೆನ್ನುಮೂಳೆಯ ಇಂಥ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಪಾಲು ವೈದ್ಯರ ಗಮನಕ್ಕೆ ಬಾರದೇ ಉಳಿಯುತ್ತವೆ. ‘ಅಜ್ಜಿ ಕುಳ್ಳಗಾಗವ್ರೆ’, ‘ಗೂನು ಬಂದದೆ’ ಎಂದು ಮೊಮ್ಮಕ್ಕಳು ಹೇಳುವ ಮಾತೇ ಎಷ್ಟೋ ಸಲ ಮೊದಲ ಸುಳಿವು. ಹರೆಯದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಲು ಅದೇ ಸಾಕಷ್ಟು ಕಾರಣ.

ಎಕ್ಸ್‌ರೇಯಲ್ಲಿ ಮೂಳೆಯ ಮುಂಭಾಗ ತಗ್ಗಿ, ಬೆಣೆಯ ಆಕಾರ ಬಂದಿರುತ್ತದೆ. ಹಿಂಗೋಡೆ ಬಹುತೇಕ ನೆಟ್ಟಗಿರುತ್ತದೆ, ಮೇಲೆ ಕೆಳಗಿನ ಡಿಸ್ಕ್‌ಗಳು ಉಳಿದಿರುತ್ತವೆ. ಎತ್ತರ ಶೇಕಡಾ 20ರಿಂದ 25ರಷ್ಟು ಇಳಿದಿದ್ದರೆ ಸೌಮ್ಯ, 25ರಿಂದ 40 ಮಧ್ಯಮ, 40 ಮೀರಿದರೆ ತೀವ್ರ ಎಂಬ ಅಳತೆಯನ್ನು ಹ್ಯಾರಿ ಜೆನಾಂಟ್ 1993ರಲ್ಲಿ ಕೊಟ್ಟರು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ.

ಅಜ್ಜಿಯ ವಿಷಯದಲ್ಲೂ ‘ಯಾಕೆ’ ಎಂಬುದು ಇಲ್ಲಿಗೆ ಮುಗಿಯುವುದಿಲ್ಲ. ಮಂಡಿ ನೋವಿಗೋ ಉಬ್ಬಸಕ್ಕೋ ಅಂಗಡಿಯಿಂದ ತಂದ ಮಾತ್ರೆ, ಹೆಸರಿಲ್ಲದ ಪುಡಿ ತಿನ್ನುತ್ತಿದ್ದರೇ? ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ದಿನಕ್ಕೆ 5 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಮೂರು ತಿಂಗಳು ನಡೆದರೆ ಮೂಳೆ ಮುರಿಯುವ ಅಪಾಯ ಏರುತ್ತದೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿರುವುದು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ, ಮೂತ್ರಪಿಂಡದ ಕಾಯಿಲೆ, ಮೂರ್ಛೆ ರೋಗದ ಕೆಲವು ಮಾತ್ರೆ, ಗಂಡಸರಲ್ಲಿ ಕುಡಿತ ಇವೆಲ್ಲ ಮೂಳೆ ತೆಳುವಾಗಿಸುತ್ತವೆ. ವಿಟಮಿನ್ ಡಿ ತೀರ ಕಡಿಮೆಯಾದರೆ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯ ಬರುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ. ‘ರಾಗಿ ಮುದ್ದೆ ತಿಂದೋರು ನಾವು, ನಮಗ್ಯಾಕೆ ಮೂಳೆ ರೋಗ’ ಎನ್ನುವುದು ಮಂಡ್ಯದವರ ಅಭಿಮಾನದ ಮಾತು. ರಾಗಿಯಲ್ಲಿ 100 ಗ್ರಾಂಗೆ 350 ಮಿ.ಗ್ರಾಂ. ಆಸುಪಾಸಿನ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಮುದ್ದೆ ಸಣ್ಣದಾಗಿ ಅನ್ನ ಹೆಚ್ಚಾದ ತಟ್ಟೆಗೆ, ಹೊಲ ಬಿಟ್ಟು ಮನೆಯೊಳಗೆ ಕೂತ ಮುಪ್ಪಿಗೆ ಆ ಅಭಿಮಾನ ರಕ್ಷೆಯಾಗುವುದಿಲ್ಲ. ಕ್ಯಾಲ್ಸಿಯಂ ಒಳಗೆ ಹೋದರೂ ಅದನ್ನು ಕರುಳು ಹೀರಲು ವಿಟಮಿನ್ ಡಿ ಬೇಕು.

ಯುವಕನ ಬೆನ್ನು: ಕ್ಷಯ

30ರ ಯುವಕನ ಮೂಳೆ ಸವೆಯಬೇಕಾದ ವಯಸ್ಸಲ್ಲ. ಬಿದ್ದಿಲ್ಲ, ಪೆಟ್ಟಾಗಿಲ್ಲ. ನೋವು ನಿಧಾನವಾಗಿ ಏರಿದೆ. ಸಂಜೆ ಮೈ ಬೆಚ್ಚಗಾಗುತ್ತದೆ, ಪ್ಯಾಂಟು ಸಡಿಲವಾಗಿದೆ. ಕೆಮ್ಮಿಲ್ಲ, ಆದ್ದರಿಂದ ಕ್ಷಯದ ಯೋಚನೆ ಯಾರಿಗೂ ಬಂದಿಲ್ಲ. ಎಲುಬು, ಕೀಲುಗಳಿಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧ ಬೆನ್ನುಮೂಳೆಗೇ ಬರುತ್ತದೆ. ಆಗ ಎದೆಯ ಎಕ್ಸ್‌ರೇ ಸಂಪೂರ್ಣ ಚೆನ್ನಾಗಿರಬಹುದು. ಜ್ವರ, ತೂಕ ಇಳಿತ ಎಲ್ಲರಲ್ಲೂ ಕಾಣುವುದಿಲ್ಲ. ಬೆನ್ನು ನೋವೊಂದೇ ಲಕ್ಷಣವಾಗಿರುವವರು ಬಹಳ ಮಂದಿ.

ಕ್ಷಯದ ಹೆಜ್ಜೆ ಗುರುತು ಬೇರೆ. ರೋಗಾಣು ಡಿಸ್ಕಿನ ಅಕ್ಕಪಕ್ಕ ನೆಲೆಸಿ, ಒಂದಕ್ಕೊಂದು ತಾಗಿದ ಎರಡು ಮೂಳೆಗಳನ್ನು ತಿನ್ನುತ್ತದೆ. ನಡುವಿನ ಡಿಸ್ಕ್ ಕಿರಿದಾಗುತ್ತದೆ. ಪಕ್ಕದಲ್ಲಿ ಕೀವು ಸೇರುತ್ತದೆ. ಬಿಸಿ, ಕೆಂಪು ಇಲ್ಲದ ಈ ‘ತಣ್ಣನೆಯ ಕುರು’ ಕೆಲವೊಮ್ಮೆ ಸ್ನಾಯುವಿನ ಜಾಡು ಹಿಡಿದು ಇಳಿದು ತೊಡೆಸಂದಿನಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳುತ್ತದೆ. ಮುಂಭಾಗ ಕುಸಿದಾಗ ಬೆನ್ನಿನಲ್ಲಿ ಒಂದು ಮೂಳೆ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಮೂಳೆಯ ಖನಿಜ ಮೂರನೇ ಒಂದು ಭಾಗದಷ್ಟು ನಷ್ಟವಾಗುವವರೆಗೂ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂದ ಮೇಲೂ ನೋವು ಏರುತ್ತಲೇ ಇದ್ದರೆ ಎಂಆರ್‌ಐ ಬೇಕೆನ್ನುವುದು ಇದಕ್ಕೇ.

ಈ ರೋಗ ಈಜಿಪ್ಟಿನ ಮಮ್ಮಿಗಳ ಬೆನ್ನಿನಲ್ಲೂ ಸಿಕ್ಕಿದೆ. ಬೆನ್ನು ಬಾಗುವುದಕ್ಕೂ ಕಾಲು ಸೋಲುವುದಕ್ಕೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ವಿವರಿಸಿದ. ರೋಗಾಣು ಯಾವುದೆಂದು ರಾಬರ್ಟ್ ಕಾಕ್ ತೋರಿಸಿದ್ದು 1882ರಲ್ಲಿ. ಔಷಧಿ ಬರುವವರೆಗೂ ಗಾಳಿ, ಬೆಳಕು, ಒಳ್ಳೆಯ ಊಟ, ತಿಂಗಳುಗಟ್ಟಲೆ ಹಾಸಿಗೆ ಇಷ್ಟೇ ಚಿಕಿತ್ಸೆ. ನಮ್ಮ ಭಾಗದಲ್ಲಿ ಅದರ ಗುರುತಾಗಿ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಉಳಿದಿದೆ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಸೋದರ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಈ ಆಸ್ಪತ್ರೆ 1921ರಲ್ಲಿ ಆರಂಭವಾಯಿತು. ಅರಮನೆಯನ್ನೂ ಬಿಡದ ಕಾಯಿಲೆ ಇದು. ‘ನಮ್ಮ ಮನೆಗೆ ಹೇಗೆ ಬಂತು’ ಎಂದು ನಾಚಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇವತ್ತು ಚಿತ್ರ ಪೂರ್ತಿ ಬದಲಾಗಿದೆ. ಎಲ್ಲರಿಗೂ ಶಸ್ತ್ರಕ್ರಿಯೆ ಬೇಕಿಲ್ಲ, ಔಷಧಿಗೆ ಜಗ್ಗದವರಿಗೆ, ಕಾಲಿನ ಬಲ ಇಳಿಯುತ್ತಿರುವವರಿಗೆ ಮಾತ್ರ ಕತ್ತರಿ ಎಂಬ ‘ಮಧ್ಯಮ ಮಾರ್ಗ’ವನ್ನು ವಾರಾಣಸಿಯಲ್ಲಿ ಕೆಲಸ ಮಾಡುತ್ತಿದ್ದ ಡಾ. ಎಸ್.ಎಂ. ತುಲಿ 1975ರಲ್ಲಿ ಫಲಿತಾಂಶ ಸಮೇತ ಪ್ರಕಟಿಸಿದರು. ಮದ್ರಾಸಿನಲ್ಲಿ ನಡೆದ ಪ್ರಯೋಗಗಳೂ ಹೆಚ್ಚಿನವರು ಓಡಾಡಿಕೊಂಡೇ ಔಷಧಿಯಿಂದ ಗುಣವಾಗುತ್ತಾರೆಂದು ತೋರಿಸಿದವು. ಭಾರತದ 2016ರ ಮಾರ್ಗಸೂಚಿಯ ಪ್ರಕಾರ ಬೆನ್ನುಮೂಳೆಯ ಕ್ಷಯಕ್ಕೆ ಕನಿಷ್ಠ 12 ತಿಂಗಳ ಔಷಧಿ. ಅಗತ್ಯವಿದ್ದರೆ 18ರವರೆಗೂ ಮುಂದುವರಿಕೆ. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ.

ಎಂಆರ್‌ಐ ನೋಡಿ ಅಂದಾಜಿನ ಮೇಲೆ ಮಾತ್ರೆ ಶುರು ಮಾಡುವುದಕ್ಕಿಂತ, ಸಾಧ್ಯವಿದ್ದ ಕಡೆ ಸಿಟಿ ಸ್ಕ್ಯಾನ್ ನೆರವಿನಿಂದ ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸುವುದು ಮೇಲು. ಆ ಚೂರನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ, ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಯಂತ್ರಕ್ಕೆ ಹಾಕುತ್ತಾರೆ, ರೋಗಾಣು ಬೆಳೆಯುತ್ತದೆಯೇ ಎಂದು ಕಲ್ಚರ್‌ಗೆ ಇಡುತ್ತಾರೆ. ಕಲ್ಚರ್ ಫಲಿತಾಂಶಕ್ಕೆ ಆರು ವಾರವೂ ಆಗಬಹುದು; ಸಿಬಿನಾಟ್ ಕೆಲವೇ ಗಂಟೆಗಳಲ್ಲಿ ರೋಗಾಣು ಇದೆಯೇ, ಅದು ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ.

ರೈತನ ಬೆನ್ನು: ಬೇರೆಲ್ಲಿಂದಲೋ ಬಂದದ್ದು

ಮಲಗಿದರೂ ಇಳಿಯದ, ರಾತ್ರಿ ಎಚ್ಚರಿಸುವ ನೋವು, ಊಟ ಸೇರದಿರುವುದು, ಕಾರಣವಿಲ್ಲದ ಸುಸ್ತು. 50 ದಾಟಿದವರಲ್ಲಿ ಇವು ಕೂಡಿ ಬಂದರೆ ಕ್ಯಾನ್ಸರನ್ನು ಹುಡುಕಲೇಬೇಕು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಥೈರಾಯ್ಡ್, ಮೂತ್ರಪಿಂಡ ಈ ಐದು ಕಡೆಯ ಕ್ಯಾನ್ಸರಿಗೆ ಮೂಳೆಯ ಮೇಲೆ ವಿಶೇಷ ಒಲವು. ಮೂಲ ಗಡ್ಡೆಯ ಸುಳಿವೇ ಇಲ್ಲದೆ ಮೊದಲು ಬೆನ್ನು ನೋವಾಗಿಯೇ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ಬೆನ್ನು ನೋವೆಂದು ಬಂದ ಹೆಂಗಸಿನ ಸ್ತನ ಪರೀಕ್ಷೆ, ಗಂಡಸಿನ ಪ್ರಾಸ್ಟೇಟ್ ಪರೀಕ್ಷೆ ಅತಿರೇಕವಲ್ಲ.

ಕ್ಯಾನ್ಸರ್ ಸಾಮಾನ್ಯವಾಗಿ ಡಿಸ್ಕನ್ನು ಮುಟ್ಟುವುದಿಲ್ಲ. ಮೂಳೆಯನ್ನು ಮಾತ್ರ ತಿನ್ನುತ್ತದೆ. ಡಿಸ್ಕ್ ಹಾಳಾಗಿದ್ದರೆ ಸೋಂಕನ್ನು, ಡಿಸ್ಕ್ ಚೆನ್ನಾಗಿದ್ದು ಮೂಳೆ ಹಾಳಾಗಿದ್ದರೆ ಗಡ್ಡೆಯನ್ನು ಶಂಕಿಸು ಎಂಬುದು ಕಿರಿಯ ವೈದ್ಯರಿಗೆ ಹೇಳಿಕೊಡುವ ಮೊದಲ ಪಾಠ. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಪ್ರತಿ ಕಶೇರುಕದಲ್ಲೂ ಎರಡು ಕಣ್ಣಿನಂಥ ಗುರುತುಗಳು ಕಾಣುತ್ತವೆ. ಗಡ್ಡೆ ಒಂದನ್ನು ತಿಂದುಹಾಕಿದರೆ ಅದಕ್ಕೆ ‘ಕಣ್ಣು ಮಿಟುಕಿಸುವ ಗೂಬೆ’ ಎಂದೇ ಕ್ಷಕಿರಣ ತಜ್ಞರು ಕರೆಯುತ್ತಾರೆ. ಎಂಆರ್‌ಐಯಲ್ಲಿ ಮಜ್ಜೆಯೆಲ್ಲ ಬದಲಾಗಿರುವುದು, ಹಿಂಗೋಡೆ ಉಬ್ಬಿರುವುದು, ದೂರ ದೂರದ ಹಲವು ಮೂಳೆಗಳಲ್ಲಿ ಚುಕ್ಕೆ ಕಾಣುವುದು ಇದೇ ದಿಕ್ಕಿನ ಸೂಚನೆಗಳು. ಈ ನಿಯಮಗಳಿಗೆ ಅಪವಾದಗಳಿವೆ. ಡಿಸ್ಕ್ ಉಳಿಸಿ ಮೂಳೆಯ ನಡುವೆ ಮಾತ್ರ ಕೂರುವ ಕ್ಷಯ ಗಡ್ಡೆಯ ವೇಷದಲ್ಲಿ ಬರುತ್ತದೆ. ಅಲ್ಲಿ ಬಯಾಪ್ಸಿಯೊಂದೇ ತೀರ್ಪುಗಾರ.

ಮಜ್ಜೆಯಲ್ಲೇ ಹುಟ್ಟುವ ಕ್ಯಾನ್ಸರ್ ಮಲ್ಟಿಪಲ್ ಮೈಲೋಮಾ ಇನ್ನೂ ಮೋಸಗಾರ. ಎಕ್ಸ್‌ರೇಯಲ್ಲಿ ಅದು ಅಜ್ಜಿಯ ಸವೆತದಂತೆಯೇ ಕಾಣಬಹುದು. ಬೋನ್ ಸ್ಕ್ಯಾನ್‌ನಲ್ಲೂ ಅದು ಎಷ್ಟೋ ಸಲ ಕಾಣುವುದಿಲ್ಲ. ಸುಳಿವು ಸಿಗುವುದು ರಕ್ತದಲ್ಲಿ: ಹಿಮೋಗ್ಲೋಬಿನ್ ಕಡಿಮೆ, ಇಎಸ್‌ಆರ್ 100ರ ಆಚೆ, ಕ್ಯಾಲ್ಸಿಯಂ ಹೆಚ್ಚು, ಕ್ರಿಯಾಟಿನಿನ್ ಏರಿಕೆ. ಆಗ ಸೀರಂ ಪ್ರೋಟೀನ್ ಎಲೆಕ್ಟ್ರೊಫೊರೆಸಿಸ್, ನಂತರ ಮಜ್ಜೆಯ ಪರೀಕ್ಷೆ. ‘ಮೂಳೆ ಸವೆತ’ ಎಂದು ಕ್ಯಾಲ್ಸಿಯಂ ಬರೆಯುವ ಮೊದಲು ಇಷ್ಟು ರಕ್ತ ಪರೀಕ್ಷೆ ನೋಡಬೇಕೆನ್ನುವುದು ಇದಕ್ಕೇ.

ಇನ್ನೂ ಕೆಲವರು

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿ ತಳಿಯಿಂದ ಹೆಸರಾದ ಊರು. ಕುರಿ, ಮೇಕೆ, ದನಗಳ ಸಂಗದಲ್ಲಿ ಬದುಕುವವರಿಗೆ ಬ್ರೂಸೆಲ್ಲೋಸಿಸ್ ಅಂಟಬಹುದು. ಕಾಯಿಸದ ಹಾಲು, ಕಂದು ಹಾಕಿದ ಪ್ರಾಣಿಯ ಸೆತ್ತೆಯನ್ನು ಬರಿಗೈಯಲ್ಲಿ ಮುಟ್ಟುವುದು ಅದು ಹರಡುವ ದಾರಿಗಳು. ಬಂದು ಹೋಗುವ ಜ್ವರ, ಬೆವರು, ಸೊಂಟ ನೋವು ಇದರ ಲಕ್ಷಣ. ಇದು ಕ್ಷಯದಂತೆ ಡಿಸ್ಕಿನ ಪಕ್ಕವೇ ನೆಲೆಸಿದರೂ ಮೂಳೆಯ ಆಕಾರವನ್ನು ಅಷ್ಟಾಗಿ ಕೆಡಿಸುವುದಿಲ್ಲ. ‘ಮನೆಯಲ್ಲಿ ಕುರಿ ಮೇಕೆ ಇವೆಯೇ’ ಎಂದು ಕೇಳದ ವೈದ್ಯರಿಗೆ ಈ ರೋಗ ಸಿಗುವುದಿಲ್ಲ. ರೋಗಿ ತಾನಾಗಿ ಹೇಳುವುದು ಒಳ್ಳೆಯದು.

ಸಕ್ಕರೆ ಕಾಯಿಲೆಯವರಲ್ಲಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬೆನ್ನಿಗೆ ಇಳಿದರೆ ಜ್ವರ, ನೋವು ಎರಡೂ ದಿನಗಳಲ್ಲೇ ಏರುತ್ತವೆ. ತಿಂಗಳು ಕಾಯುವ ಮಾತಿಲ್ಲ. ತೆಂಗಿನ ಮರ, ಹುಣಸೆ ಮರದಿಂದ ಬಿದ್ದವರದು ನೇರ ಪೆಟ್ಟು. ಚಪ್ಪಟೆಯಾದ ಕಶೇರುಕವೆಲ್ಲ ಮುರಿದದ್ದೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯ ಕೆಲವರಲ್ಲಿ ಬೆನ್ನಿನ ಮೂಳೆಗಳು ಹುಟ್ಟಿನ ದೋಷದಿಂದಲೇ ಚಪ್ಪಟೆ. ಅದು ವಂಶದಲ್ಲಿ ಹರಿದುಬಂದ ತೊಂದರೆ.

ಯಾವುದು ಮೊದಲು, ಎಲ್ಲಿ?

ಎಲ್ಲ ಬೆನ್ನು ನೋವಿಗೂ ಎಂಆರ್‌ಐ ಬೇಡ. ಮೊದಲು ಮಾತು: ನೋವು ಹೇಗೆ ಶುರುವಾಯಿತು, ಮಲಗಿದರೆ ಇಳಿಯುತ್ತದೆಯೇ, ಜ್ವರ, ತೂಕ, ಹಳೆಯ ಕ್ಯಾನ್ಸರ್, ಮನೆಯಲ್ಲಿ ಕ್ಷಯ, ತಿನ್ನುತ್ತಿರುವ ಮಾತ್ರೆ. ಆಮೇಲೆ ಕೈ: ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಒತ್ತಿ ನೋಡುವುದು, ಕಾಲಿನ ಬಲ, ಸ್ಪರ್ಶ ನೋಡುವುದು. ನಂತರ ಎರಡು ಕೋನದ ಎಕ್ಸ್‌ರೇ, ಜೊತೆಗೆ ರಕ್ತದ ಎಣಿಕೆ, ಇಎಸ್‌ಆರ್, ಸಿಆರ್‌ಪಿ, ಸಕ್ಕರೆ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್. ಇಷ್ಟು ತಾಲ್ಲೂಕು ಮಟ್ಟದಲ್ಲೇ ಆಗಬಹುದಾದ ಕೆಲಸ, ಮತ್ತು ರೋಗದ ದಿಕ್ಕು ಬಹಳ ಮಟ್ಟಿಗೆ ಇಲ್ಲೇ ತಿಳಿಯುತ್ತದೆ. ಸಂಶಯ ಉಳಿದರೆ ಎಂಆರ್‌ಐ, ಅದರ ನಂತರ ಬಯಾಪ್ಸಿ.

ಮುತ್ತತ್ತಿ ಕಡೆಯವರಿಗೆ ಮುಂದಿನ ಮೆಟ್ಟಿಲು ಮಂಡ್ಯ, ಮೈಸೂರು ಅಥವಾ ಬೆಂಗಳೂರು. ಮಂಡ್ಯದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಕ್ಯಾನ್ಸರಿನ ಸುಳಿವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವುಂಟು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ರೇಷನ್ ಕಾರ್ಡು, ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಜೊತೆಗಿಟ್ಟುಕೊಂಡು ಹೋಗಿ. ಐದು ವರ್ಷದ ಹಿಂದಿನ ಒಂದು ಫಿಲ್ಮು, ಕುಸಿತ ಹೊಸದೋ ಹಳೆಯದೋ ಎಂಬುದನ್ನು ಖರ್ಚಿಲ್ಲದೆ ಹೇಳಿಬಿಡುತ್ತದೆ.

ಕಾರಣ ತಿಳಿದ ಮೇಲೆ ದಾರಿಗಳು ಬೇರೆಯಾಗುತ್ತವೆ. ಅಜ್ಜಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ಮೂಳೆ ಕರಗುವುದನ್ನು ತಡೆಯುವ ಔಷಧಿ: ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ಅಥವಾ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆ್ಯಸಿಡ್ ಡ್ರಿಪ್. ಇವನ್ನು ಕೊಡದೆ ಬರೀ ನೋವು ಇಳಿಸಿ ಕಳಿಸಿದರೆ ಪಕ್ಕದ ಮೂಳೆಯ ಸರದಿ ಬರುತ್ತದೆ. ಯುವಕನಿಗೆ ವರ್ಷ ತುಂಬುವವರೆಗೆ ಕ್ಷಯದ ಮಾತ್ರೆ. ರೈತನಿಗೆ ಕ್ಯಾನ್ಸರಿನ ಬಗೆ ನೋಡಿ ಔಷಧಿ, ವಿಕಿರಣ. ಒಬ್ಬರ ಮದ್ದು ಇನ್ನೊಬ್ಬರಿಗೆ ಕೇಡು. ಮೂಳೆಯೊಳಗೆ ಸಿಮೆಂಟು ತುಂಬಿ ನೋವು ತಗ್ಗಿಸುವ ವರ್ಟಿಬ್ರೊಪ್ಲಾಸ್ಟಿ ಆಯ್ದ ಕೆಲವರಿಗೆ ಉಪಯುಕ್ತ. ಸೋಂಕಿರುವ ಮೂಳೆಗೆ ಅದನ್ನು ಮಾಡುವಂತಿಲ್ಲ. ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಚುಚ್ಚುಮದ್ದನ್ನು ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ ಕೊಡುವಂತಿಲ್ಲ. ನೋವಿಗೆಂದು ಕೊಟ್ಟ ಸ್ಟೀರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ.

ಊರಿನ ಪದ್ಧತಿಗಳ ಬಗ್ಗೆಯೂ ಒಂದು ಮಾತು. ಎಣ್ಣೆ ಹಚ್ಚಿ ಹಗುರಾಗಿ ನೀವುವುದರಿಂದ ಹಾನಿಯಿಲ್ಲ. ಉಳುಕು ತೆಗೆಯಲೆಂದು ಬೆನ್ನು ತಿರುಚುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಬೆನ್ನು ತುಳಿಸಿಕೊಳ್ಳುವುದು ಬೇಡ. ಒಳಗೆ ಕ್ಷಯವೋ ಗಡ್ಡೆಯೋ ತಿಂದಿಟ್ಟ ಮೂಳೆ ಇದ್ದರೆ ಆ ಒಂದು ಒದೆತಕ್ಕೆ ಬೆನ್ನುಹುರಿ ಜಜ್ಜಿ ಕಾಲು ಬಿದ್ದುಹೋಗಬಹುದು.

ಕಾಲಿನ ಬಲ ಇಳಿಯುತ್ತಿದೆ, ಚಪ್ಪಲಿ ಜಾರಿದರೂ ಗೊತ್ತಾಗುತ್ತಿಲ್ಲ, ಮೂತ್ರ ಕಟ್ಟಿದೆ ಅಥವಾ ತಾನಾಗಿ ಹೋಗುತ್ತಿದೆ, ಕೂರುವ ಜಾಗ ಮರಗಟ್ಟಿದೆ ಎಂದಾದರೆ ನಾಳೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ ಅವತ್ತೇ ಹೊರಡಿ. ಉಳಿದವರು ಆರು ವಾರಕ್ಕೂ ಇಳಿಯದ ನೋವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯದೆ ವೈದ್ಯರ ಮುಂದೆ ಕೂತುಕೊಳ್ಳಿ. ಜ್ವರ, ತೂಕ ಇಳಿತ, ರಾತ್ರಿಯ ನೋವು ಇದ್ದರೆ ಆರು ವಾರವನ್ನೂ ಕಾಯಬೇಡಿ. ಕೈಗೆ ಬಂದ ವರದಿಯಲ್ಲಿ ‘ಮೂಳೆ ಕುಸಿದಿದೆ’ ಎಂದಿದ್ದರೆ ಅಲ್ಲಿಂದ ಏಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ‘ಯಾಕೆ ಕುಸಿದದೆ ಡಾಕ್ಟ್ರೇ?’ ಉತ್ತರ ಸಿಗುವವರೆಗೆ ನಿಮ್ಮ ಪರೀಕ್ಷೆ ಮುಗಿದಿಲ್ಲ.